ಹೂ ಬಿಟ್ಟ ಟೊಮೆಟೊ ಗಿಡದ ಎಲೆ ಹಳದಿಯಾದರೆ ಯಾವ ಗೊಬ್ಬರ ಹಾಕಬೇಕು?

ತಾರಸಿಯ ಮೇಲೆ ಮಣ್ಣಿಲ್ಲದೆ, ಹೈಡ್ರೋಪೋನಿಕ್ಸ್ ವಿಧಾನದಲ್ಲಿ ಟೊಮೆಟೊ ಬೆಳೆಯುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಗಿಡ ಸೊಂಪಾಗಿಯೇ ಇತ್ತು, ಹೂ ಬಿಟ್ಟ ಮೇಲೆ ಎಲೆ ಹಳದಿಯಾಗುತ್ತಿದೆ, ಯಾವ ಗೊಬ್ಬರ ಹಾಕಲಿ?” ಇವತ್ತು ಏನನ್ನೂ ಹಾಕಬೇಡಿ ಎಂಬುದೇ ನನ್ನ ಮೊದಲ ಉತ್ತರ. ನಾನು ನೋಡಿದ ಗಿಡಗಳಲ್ಲಿ ಹೆಚ್ಚಿನವು ಗೊಬ್ಬರ ಕಲಸಿದ ನೀರಿನ ತೊಟ್ಟಿಯಲ್ಲಿ ಆಹಾರವಿಲ್ಲದೆ ಹಳದಿಯಾದವಲ್ಲ, ಇದ್ದ ಆಹಾರವನ್ನು ಹೀರಲಾರದೆ ಹಳದಿಯಾದವು. ಅಂಥ ಗಿಡಕ್ಕೆ ಮೇಲೊಂದು ಚಮಚ ಗೊಬ್ಬರ ಸುರಿದರೆ ಕಷ್ಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಯಾವ ಎಲೆ ಹಳದಿಯಾಗಿದೆ ಎಂಬುದನ್ನು. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಗಿಡದೊಳಗೆ ಸಂಚರಿಸಬಲ್ಲವು. ಕೊರತೆಯಾದಾಗ ಗಿಡ ಇವನ್ನು ಹಳೆಯ ಎಲೆಗಳಿಂದ ಹಿಂತೆಗೆದು ಕುಡಿಗೂ ಹೀಚುಗಳಿಗೂ ಕೊಡುತ್ತದೆ, ಆದ್ದರಿಂದ ಹಳದಿ ಬುಡದಿಂದ ಮೇಲಕ್ಕೆ ಏರುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಮ್ಮೆ ಸೇರಿದ ಎಲೆಯನ್ನು ಬಿಟ್ಟು ಬರುವುದಿಲ್ಲ, ಹೀಗಾಗಿ ಅವುಗಳ ಕೊರತೆ ಕಾಣಿಸಿಕೊಳ್ಳುವುದು ಕುಡಿಯ ಎಳೆ ಎಲೆಗಳಲ್ಲಿ. ನಂತರ ಆ ಎಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ನರಗಳೂ ಸೇರಿ ಇಡೀ ಎಲೆ ಪೇಲವವಾಗಿದ್ದರೆ ಸಾರಜನಕವನ್ನು ಶಂಕಿಸಬಹುದು. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ, ಹಳೆಯ ಎಲೆಯಲ್ಲಾದರೆ ಮೆಗ್ನೀಸಿಯಂ, ಎಳೆಯದರಲ್ಲಾದರೆ ಕಬ್ಬಿಣ. ಹಳೆಯ ಎಲೆಯ ಅಂಚು ಸುಟ್ಟಂತೆ ಕಂದಾಗಿದ್ದರೆ ಪೊಟ್ಯಾಸಿಯಂ.

ಹೂ ಬಿಟ್ಟ ಟೊಮೆಟೊದಲ್ಲಿ ನಾನು ಹೆಚ್ಚಾಗಿ ಕಾಣುವುದು ಮೆಗ್ನೀಸಿಯಂ ಕೊರತೆಯನ್ನು, ಮತ್ತು ಅದನ್ನು ಬಹುಪಾಲು ನಾವೇ ತಂದುಕೊಂಡಿರುತ್ತೇವೆ. ಹೂವಿನ ಕಾಲಕ್ಕೆ ರಂಜಕ, ಪೊಟ್ಯಾಸಿಯಂ ಎರಡೇ ಇರುವ 0:52:34 ಗೊಬ್ಬರ ಕೊಡಬೇಕೆಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಕಾಯಿ ಕಟ್ಟುವಾಗ ಪೊಟ್ಯಾಸಿಯಂ ಬೇಡಿಕೆ ಏರುವುದು ನಿಜ, ಆದರೆ ಪ್ರಮಾಣವನ್ನು ಲೆಕ್ಕ ಹಾಕಿ ನೋಡಿ. ಲೀಟರ್ ನೀರಿಗೆ ಒಂದು ಗ್ರಾಂ 0:52:34 ಬೆರೆಸಿದರೆ ಸುಮಾರು 280 ಮಿಲಿಗ್ರಾಂ ಪೊಟ್ಯಾಸಿಯಂ ಮತ್ತು 225 ಮಿಲಿಗ್ರಾಂಗೂ ಹೆಚ್ಚು ರಂಜಕ ಸೇರುತ್ತದೆ. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳಾದ ಹೋಗ್ಲೆಂಡ್ ಮತ್ತು ಆರ್ನನ್ 1938ರಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲರೂ ಅಳತೆಗೋಲಾಗಿ ಬಳಸುವ ದ್ರಾವಣದಲ್ಲಿ ಲೀಟರಿಗೆ ಇರುವುದು ಸುಮಾರು 235 ಮಿಲಿಗ್ರಾಂ ಪೊಟ್ಯಾಸಿಯಂ, ರಂಜಕವಂತೂ 31 ಮಿಲಿಗ್ರಾಂ ಮಾತ್ರ. ಅಂದರೆ ಮೊದಲೇ ಸಾಕಷ್ಟಿರುವ ತೊಟ್ಟಿಗೆ ನಾವು ಪೊಟ್ಯಾಸಿಯಂ ಅನ್ನು ಇಮ್ಮಡಿಗೂ ಮಿಗಿಲಾಗಿಸಿ, ರಂಜಕವನ್ನು ಏಳೆಂಟು ಪಟ್ಟು ಏರಿಸಿರುತ್ತೇವೆ. ಬೇರಿನ ಬಾಗಿಲಲ್ಲಿ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂಗಳು ಪರಸ್ಪರ ಸ್ಪರ್ಧಿಸುವುದರಿಂದ, ಒಂದು ತೀರ ಹೆಚ್ಚಾದಾಗ ಇನ್ನೊಂದು ಒಳಗೆ ಬರಲಾರದು. ಇಸಿ ಮೀಟರ್ ಇದನ್ನು ತೋರಿಸುವುದಿಲ್ಲ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಮೊತ್ತವನ್ನಷ್ಟೇ ಹೇಳುತ್ತದೆ, ಯಾವುದು ಎಷ್ಟಿದೆ ಎಂದು ಹೇಳುವುದಿಲ್ಲ. ಇಂಥ ಸಂದರ್ಭದಲ್ಲಿ ತೊಟ್ಟಿಯ ದ್ರಾವಣವನ್ನು ಪೂರ್ತಿ ಹೊರಹಾಕಿ, ಹೊಸದಾಗಿ ಕಲಸಿ, ಅದರಲ್ಲಿ ಲೀಟರಿಗೆ ಒಟ್ಟು ಅರ್ಧ ಗ್ರಾಂನಷ್ಟು ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಇರುವಂತೆ ನೋಡಿಕೊಂಡರೆ ಹೋಗ್ಲೆಂಡ್ ದ್ರಾವಣದಷ್ಟೇ ಮೆಗ್ನೀಸಿಯಂ ಸಿಗುತ್ತದೆ. ಆದರೆ ಎಪ್ಸಮ್ ಸಾಲ್ಟನ್ನು ಕ್ಯಾಲ್ಸಿಯಂ ನೈಟ್ರೇಟಿನ ಗಟ್ಟಿ ದ್ರಾವಣದೊಡನೆ ನೇರವಾಗಿ ಬೆರೆಸಬಾರದು, ಜಿಪ್ಸಮ್ ಆಗಿ ತಳಕ್ಕಿಳಿದುಬಿಡುತ್ತದೆ. ಸಾರಜನಕ, ರಂಜಕ, ಪೊಟ್ಯಾಸಿಯಂ ಮೂರೂ ಇರುವ 19:19:19 ಗೊಬ್ಬರ ಒಂದನ್ನೇ ನಂಬಿದವರಿಗೂ ಇದೇ ತೊಂದರೆ ಬರುತ್ತದೆ, ಏಕೆಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲವೇ ಇಲ್ಲ, ಅದರ ಸಾರಜನಕದಲ್ಲಿ ಅರ್ಧಕ್ಕೂ ಹೆಚ್ಚು ಯೂರಿಯಾ ರೂಪದಲ್ಲಿದೆ.

ಕುಡಿಯ ಎಲೆ ಹಳದಿಯಾಗಿ ನರಗಳು ಹಸಿರಾಗಿದ್ದರೆ ದ್ರಾವಣದ ಪಿಎಚ್ (ಆಮ್ಲ-ಕ್ಷಾರ ಮಟ್ಟ) ಅಳೆಯಿರಿ. ಹಳದಿ ಎಲೆಗೆ ಕಬ್ಬಿಣದ ಲವಣ ಕೊಟ್ಟರೆ ಹಸಿರು ಮರಳುತ್ತದೆ ಎಂಬುದನ್ನು ಫ್ರಾನ್ಸಿನ ಯೂಸೆಬ್ ಗ್ರೀ 1840ರ ದಶಕದಲ್ಲೇ ತೋರಿಸಿದ್ದರು, ಆದರೆ ನಮ್ಮ ತೊಟ್ಟಿಗಳಲ್ಲಿ ಕಬ್ಬಿಣ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಪಿಎಚ್ ಅನ್ನು ಮೇಲೆತ್ತುತ್ತದೆ, ಗಿಡ ನೈಟ್ರೇಟ್ ಹೀರಿದಂತೆಲ್ಲ ಅದು ಇನ್ನಷ್ಟು ಏರುತ್ತದೆ, 6.5 ದಾಟಿದ ಮೇಲೆ ಇಡಿಟಿಎ ಎಂಬ ರಾಸಾಯನಿಕಕ್ಕೆ ಬೆಸೆದ ಕಬ್ಬಿಣ ಗಿಡಕ್ಕೆ ಸಿಗುತ್ತದೆಂದು ನೆಚ್ಚುವಂತಿಲ್ಲ. ಪಿಎಚ್ ಅನ್ನು ಎರಡು ಮೂರು ದಿನಗಳಲ್ಲಿ ನಿಧಾನವಾಗಿ 5.8ರಿಂದ 6.2ರ ನಡುವೆ ತಂದರೆ ಹೊಸ ಎಲೆಗಳು ತಾವಾಗಿಯೇ ಹಸಿರಾಗಿ ಮೂಡುತ್ತವೆ.

ಇನ್ನು ಬೇರು. ಒಂದು ಬೇಸಿಗೆಯಲ್ಲಿ ನನ್ನ ಗಿಡಗಳೆಲ್ಲ ಬುಡದಿಂದ ಹಳದಿಯಾಗುತ್ತ, ತೊಟ್ಟಿ ತುಂಬ ನೀರಿದ್ದರೂ ಮಧ್ಯಾಹ್ನ ಬಾಡಿ ನಿಲ್ಲುತ್ತಿದ್ದವು. ನಾನು ಸಾರಜನಕದ ಕೊರತೆಯೆಂದು ಭಾವಿಸಿ ಒಂದು ವಾರ ಕಳೆದೆ, ಆ ವಾರದಲ್ಲಿ ನಾಲ್ಕು ಗಿಡ ಸತ್ತವು. ಮುಚ್ಚಳ ಎತ್ತಿ ನೋಡಿದಾಗ ಬೆಳ್ಳಗಿರಬೇಕಾದ ಬೇರುಗಳು ಕಂದಾಗಿ, ಲೋಳೆಯಾಗಿ, ಕೆಟ್ಟ ವಾಸನೆ ಬೀರುತ್ತಿದ್ದವು. ನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಅದೇ ಬಿಸಿಯಲ್ಲಿ ಬೇರಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ, ಬೇರು ಕೊಳೆಸುವ ಪಿಥಿಯಂನಂಥ ರೋಗಾಣುವೂ ಹೊಂಚುಹಾಕಿರುತ್ತದೆ. ತೊಟ್ಟಿಗೆ ನೆರಳು, ಮೇಲೆ ಬಿಳಿ ಹೊದಿಕೆ, ಏರ್ ಪಂಪ್, ಇವಿಷ್ಟೇ ಅದಕ್ಕೆ ಮದ್ದು. ಅದಕ್ಕೇ ಈಗ ಯಾರು ಕೇಳಿದರೂ ಎಲೆಯ ಫೋಟೊ ಜೊತೆಗೆ ಬೇರಿನದನ್ನೂ ಕಳಿಸಿ ಎನ್ನುತ್ತೇನೆ.

ಎಲೆ ಹಳದಿಯಾಗುವುದರ ಜೊತೆಗೆ ಮೇಲ್ಮುಖವಾಗಿ ಮುದುಡಿ, ಗಿಡ ಕುಳ್ಳಾದರೆ ಅದು ಬಿಳಿನೊಣದಿಂದ ಹರಡುವ ಎಲೆ ಮುದುಡು ರೋಗ. ಅದಕ್ಕೆ ಯಾವ ಪೋಷಕಾಂಶವೂ ಪರಿಹಾರವಲ್ಲ, ಗಿಡವನ್ನು ಕಿತ್ತುಹಾಕಬೇಕು, ಮುಂದಿನ ಸಲ ಅರ್ಕಾ ರಕ್ಷಕ್‌ನಂಥ ನಿರೋಧಕ ತಳಿ ಹಾಕಬೇಕು. ಸೂಜಿಮೊನೆಯಂಥ ಚುಕ್ಕಿಗಳಿದ್ದರೆ ಎಲೆಯ ಅಡಿಯಲ್ಲಿ ನುಸಿ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಕಾಯಿಗೊಂಚಲಿನ ಕೆಳಗಿನ ಒಂದೆರಡು ಎಲೆ ಮಾತ್ರ ಹಳದಿಯಾಗಿದ್ದರೆ ಅದು ಮುಪ್ಪು, ಚಿವುಟಿ ತೆಗೆದರೆ ಸಾಕು.

ಏನು ಮಾಡಿದರೂ ಒಮ್ಮೆಗೆ ಒಂದನ್ನೇ ಬದಲಿಸಿ, ಏಳರಿಂದ ಹತ್ತು ದಿನ ಕಾಯಿರಿ. ಪೂರ್ತಿ ಹಳದಿಯಾದ ಹಳೆಯ ಎಲೆ ಬಹುಮಟ್ಟಿಗೆ ಮತ್ತೆ ಹಸಿರಾಗುವುದಿಲ್ಲ, ಆದ್ದರಿಂದ ಅದನ್ನೇ ನೋಡುತ್ತ ಮದ್ದು ಫಲಿಸಲಿಲ್ಲವೆಂದು ಕಂಗೆಡಬೇಡಿ. ಅದರ ಮೇಲಿನ ಎಲೆಗೆ ಒಂದು ದಾರ ಕಟ್ಟಿ ಗುರುತಿಟ್ಟುಕೊಂಡು, ಹಳದಿ ಅಲ್ಲಿಗೆ ಏರಿತೋ ಇಲ್ಲವೋ ಎಂಬುದನ್ನು ಗಮನಿಸಿ.