ಸುರಂಗ ತಿದ್ದಿದ ಭಾನುವಾರ

ನಾನು ವಾರಕ್ಕೊಂದು ಕಂತಿನಂತೆ ಕನ್ನಡದಲ್ಲಿ ಕಾಮಿಕ್ಸ್ ರಚಿಸಿ ಅಂತರ್ಜಾಲದಲ್ಲಿ ಪ್ರಕಟಿಸುವವಳು. ಭಾನುವಾರ ರಾತ್ರಿ ಎಂಟಕ್ಕೆ ಹೊಸ ಕಂತು ಬರುತ್ತದೆಂದು ಓದುಗರಿಗೆ ಕೊಟ್ಟ ಮಾತನ್ನು ಎರಡು ವರ್ಷಗಳಲ್ಲಿ ತಪ್ಪಿದ್ದು ಒಂದೇ ಸಲ, ಅದೂ ಮುಗಿಸಿಟ್ಟಿದ್ದ ಕಂತನ್ನು ನಾನೇ ಅಳಿಸಿ ಹಾಕಿದ್ದರಿಂದ.

ಕಥೆ ನಮ್ಮ ಮನೆಯ ಸುರಂಗದ್ದು. ಸುರಂಗವೆಂದರೆ ಬೇರೆ ಊರಿನವರಿಗೆ ರೈಲು ಹೋಗುವ ಹಾದಿ ನೆನಪಾಗಬಹುದು. ಕಾಸರಗೋಡಿನ ಪೆರ್ಲ, ಬಾಯಾರು ಕಡೆಯ ನಮಗೆ ಅದು ನೀರಿನ ಮೂಲ. ಗುಡ್ಡದ ಬದಿಯ ಮುರಕಲ್ಲನ್ನು ಒಬ್ಬ ಆಳು ನುಸುಳುವಷ್ಟೇ ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತ ಹೋದರೆ ಒಳಗೆಲ್ಲೋ ಒರತೆ ಸಿಗುತ್ತದೆ, ಮತ್ತು ಆ ನೀರು ಪಂಪು, ಕರೆಂಟು ಯಾವುದರ ಹಂಗೂ ಇಲ್ಲದೆ ತಾನಾಗಿ ಹರಿದು ಹೊರಗೆ ಬರುತ್ತದೆ. ಅಜ್ಜನ ಕಾಲದಲ್ಲಿ ಅದು ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಬರುತ್ತಿತ್ತು, ಈಗ ಪಿವಿಸಿ ಪೈಪಿನಲ್ಲಿ ಬರುತ್ತದೆ.

ಇಂಥ ಕಥೆಯನ್ನು ಮೊಬೈಲಿನ ಪರದೆಗೆ ಒಗ್ಗಿಸುವಲ್ಲಿಯೇ ನಾನು ಎಡವಿದೆ. ಪರದೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಓದುವ ಉದ್ದ ಪಟ್ಟಿಯ ಕಾಮಿಕ್ಸ್ ದಕ್ಷಿಣ ಕೊರಿಯಾದ ವೆಬ್‌ಟೂನ್‌ಗಳಿಂದ ಹಬ್ಬಿದ ರೂಢಿ. ಅಲ್ಲಿನ ನೇವರ್ ಸಂಸ್ಥೆ ತನ್ನ ವೆಬ್‌ಟೂನ್ ಸೇವೆಯನ್ನು ಆರಂಭಿಸಿದ್ದು 2004ರಲ್ಲಿ. ನಾನು ಚಿತ್ರಗಳನ್ನು 800 ಪಿಕ್ಸೆಲ್ ಅಗಲಕ್ಕೆ ಬಿಡಿಸಿ, 1280 ಪಿಕ್ಸೆಲ್ ಎತ್ತರದ ತುಂಡುಗಳಾಗಿ ಕತ್ತರಿಸಿ ಏರಿಸುತ್ತೇನೆ. ಓದುವವರಿಗೆ ಅವು ಒಂದರ ಕೆಳಗೊಂದು ಅಂಟಿಕೊಂಡು ಒಂದೇ ಪಟ್ಟಿಯಾಗಿ ಕಾಣುತ್ತವೆ. ಇಲ್ಲಿ ಅಗಲಕ್ಕೆ ಬಡತನ, ಉದ್ದಕ್ಕೆ ಸಿರಿತನ. ಬಾವಿ ತೋಡುವ ಕಥೆಯಾಗಿದ್ದರೆ ಹೇಳಿ ಮಾಡಿಸಿದಂತಿರುತ್ತಿತ್ತು. ಸುರಂಗವಾದರೋ ಅಡ್ಡಕ್ಕೆ ಹೋಗುವಂಥದ್ದು. ನಾನು ಹೆಚ್ಚು ಯೋಚಿಸದೆ ಅದನ್ನು ಒಳಹೋದಂತೆ ಕೆಳಗಿಳಿಯುವ ಹಾಗೆ ಚಿತ್ರಿಸಿಬಿಟ್ಟೆ. ನೋಡಲು ಬಹಳ ಚೆನ್ನಾಗಿತ್ತು: ಬೆರಳು ಸರಿದಂತೆಲ್ಲ ಅಗೆಯುವವನೂ ಕತ್ತಲೆಗೆ ಇಳಿಯುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಹಳೆಯ ಪರಿಚಯದ ಹಿರಿಯರೊಬ್ಬರು ಬಾಳೆಗೊನೆ ಕೊಟ್ಟು ಹೋಗಲು ಬಂದಿದ್ದರು. ನಮ್ಮ ಸುರಂಗವನ್ನು ಕೊರೆದವರ ಮಗ. ತಾವೂ ಪ್ರಾಯದಲ್ಲಿ ಪಿಕ್ಕಾಸು ಹಿಡಿದು ಎಷ್ಟೋ ಗುಡ್ಡಗಳ ಹೊಟ್ಟೆ ಹೊಕ್ಕವರು. ಹೊಗಳಿಕೆ ಸಿಕ್ಕೀತೆಂಬ ಆಸೆಯಿಂದ ಮೊಬೈಲನ್ನು ಅವರ ಕೈಗೆ ಕೊಟ್ಟೆ. ಅವರು ಹೆಬ್ಬೆರಳಿನಿಂದ ನಿಧಾನಕ್ಕೆ ಸರಿಸುತ್ತ ಕೊನೆಯವರೆಗೂ ಹೋಗಿ, ಪುನಃ ಮೇಲಕ್ಕೆ ಬಂದು ಕೇಳಿದರು:

"ಇದು ಬಾವಿಯಾ, ಸುರಂಗವಾ?"

"ಸುರಂಗವೇ ಅಜ್ಜ."

"ಮತ್ತೆ ನೀರು ಹೊರಗೆ ಬರುವುದು ಹೇಗೆ? ಕೊಡಪಾನದಲ್ಲಿ ಹೊರುವುದಾ?"

ನನಗೆ ಉತ್ತರ ಹೊಳೆಯಲಿಲ್ಲ. ದಿನವೂ ಆ ನೀರನ್ನೇ ಕುಡಿಯುವ ನಾನು, ಸುರಂಗದ ನೆಲ ಒಳಗೆ ಹೋದಂತೆ ತುಸು ಏರುತ್ತದೆ, ಏರಿದರೆ ಮಾತ್ರ ನೀರು ಬಾಯಿಯ ಕಡೆಗೆ ಹರಿಯುತ್ತದೆ ಎಂಬ ಮೊದಲ ಪಾಠವನ್ನೇ ಮರೆತಿದ್ದೆ. ಅವರು ಅಷ್ಟಕ್ಕೆ ಬಿಡಲಿಲ್ಲ. ನನ್ನ ಚಿತ್ರದ ಆಳು ನಿಂತು, ಪಿಕ್ಕಾಸನ್ನು ತಲೆಯ ಮೇಲೆತ್ತಿ ಹೊಡೆಯುತ್ತಿದ್ದ. ಹಾಗೆ ಎತ್ತಿದರೆ ಅದು ಮೊದಲು ಮೇಲಿನ ಕಲ್ಲಿಗೆ ಬಡಿಯುತ್ತದಂತೆ. ಅಂಗಳದಲ್ಲಿಯೇ ಕುಕ್ಕುರುಗಾಲಿನಲ್ಲಿ ಕೂತು, ಮೊಣಕೈಯನ್ನು ಪಕ್ಕೆಗೆ ಒತ್ತಿ, ಮಣಿಕಟ್ಟಿನ ಬಲದಿಂದ ಎದುರಿಗೆ ಕುಟ್ಟಿ ತೋರಿಸಿದರು. ಬುಟ್ಟಿಯಲ್ಲಿ ಮಣ್ಣು ಹೊರಲು ಹಿಂದೆ ಇನ್ನೊಬ್ಬ ಬೇಕು, ಮೋಂಬತ್ತಿಯ ಉರಿ ಸಣ್ಣಗಾದರೆ ಗಾಳಿ ಸಾಲದೆಂದು ತಿಳಿದು ಕೆಲಸ ಬಿಟ್ಟು ಹೊರಗೆ ಬರಬೇಕು ಎಂದೂ ಹೇಳಿದರು.

ಅವರು ಹೋದ ಮೇಲೆ ಒಂದು ಮೋಂಬತ್ತಿ ಹಿಡಿದು ಸುರಂಗದೊಳಕ್ಕೆ ಹೋದೆ. ಪಾದದ ಕೆಳಗೆ ತಣ್ಣನೆಯ ನೀರು ನನಗೆ ಎದುರಾಗಿ ಹರಿಯುತ್ತಿತ್ತು. ಕಿವಿಯ ಬಳಿ ಬಾವಲಿಯೊಂದು ಸುಳಿದು ಹೋಯಿತು. ಇಪ್ಪತ್ತು ಹೆಜ್ಜೆ ಹೋಗಿ ತಿರುಗಿ ನೋಡಿದಾಗ ಸುರಂಗದ ಬಾಯಿ ಹರಿವಾಣದಷ್ಟು ಕಂಡಿತು, ಇನ್ನಷ್ಟು ಒಳಗೆ ಹೋದಾಗ ಅಡಿಕೆಯಷ್ಟಾಯಿತು. ನನ್ನ ಚಿತ್ರಗಳಿಗೆ ಬೇಕಾಗಿದ್ದುದು ಆ ಬೆಳಕು. ಆಳವನ್ನು ತೋರಿಸಲು ಇಳಿಯುವ ಅಗತ್ಯವೇ ಇರಲಿಲ್ಲ, ಒಳಗೆ ಕೂತು ಹೊರಗೆ ನೋಡಿದರೆ ಸಾಕಿತ್ತು.

ಹನ್ನೊಂದು ಗಂಟೆಗೆ ಮೇಜಿನೆದುರು ಕೂತು ಹಳೆಯ ಚೌಕಟ್ಟುಗಳನ್ನು ಅಳಿಸಿ, ಏಳು ಹೊಸ ಚೌಕಟ್ಟುಗಳನ್ನು ಬಿಡಿಸತೊಡಗಿದೆ. ಮೊದಲನೆಯದರಲ್ಲಿ ಬಾಗಿಲಿನಷ್ಟಿದ್ದ ಬೆಳಕು ಕೊನೆಯದರಲ್ಲಿ ಅಕ್ಕಿಕಾಳಿನಷ್ಟು. ಪಟ್ಟಿ ಕಾಮಿಕ್ಸಿನಲ್ಲಿ ಎರಡು ಚೌಕಟ್ಟುಗಳ ನಡುವಿನ ಖಾಲಿ ಜಾಗವೇ ಕಾಲ. ಅದನ್ನು ಬರೀ ಕಪ್ಪಾಗಿಸಿ 300 ಪಿಕ್ಸೆಲ್‌ನಿಂದ ಬೆಳೆಸುತ್ತ ಹೋಗಿ, ಕೊನೆಗೆ ಇಡೀ ಪರದೆ ಕಪ್ಪಾಗಿ ಓದುವವರಿಗೆ ತಮ್ಮ ಮುಖವೇ ಕಾಣುವಷ್ಟು ಮಾಡಿದೆ.

ಚಿತ್ರ ಮುಗಿಯುವಾಗ ಸಂಜೆ ಏಳು ದಾಟಿತ್ತು, ಮಾತುಗಳನ್ನು ತುಂಬುವುದು ಬಾಕಿಯಿತ್ತು. ಕನ್ನಡದಲ್ಲಿ ಕಾಮಿಕ್ಸ್ ಮಾಡುವವರ ನಿಜವಾದ ಕಷ್ಟ ಇರುವುದು ಇಲ್ಲಿ. ನಾನು ಚಿತ್ರ ಬಿಡಿಸುವ ತಂತ್ರಾಂಶಕ್ಕೆ ಒತ್ತಕ್ಷರದ ಗೊಡವೆಯಿಲ್ಲ. 'ಅಜ್ಜ' ಎಂದು ಬರೆದರೆ 'ಅಜ್‌ಜ' ಎಂದು ಬಿಡಿಸಿ ಕೂರಿಸುತ್ತದೆ. ಆದ್ದರಿಂದ ಮಾತುಗಳನ್ನೆಲ್ಲ ಇಂಕ್‌ಸ್ಕೇಪ್ ಎಂಬ ಇನ್ನೊಂದು ತಂತ್ರಾಂಶದಲ್ಲಿ, ಮುಕ್ತವಾಗಿ ಸಿಗುವ 'ಬಲೂ ತಮ್ಮ' ಎಂಬ ಫಾಂಟಿನ ಅಕ್ಷರಗಳಲ್ಲಿ ಬರೆದು, ಚಿತ್ರವಾಗಿಸಿ ತಂದು ಅಂಟಿಸುತ್ತೇನೆ. 'ಕೊರೆಯಬೇಕಾಗಿತ್ತಂತೆ' ಎಂಬ ಒಂದೇ ಪದ ಮಾತಿನ ಗುಳ್ಳೆಯ ಒಂದು ಸಾಲನ್ನು ನುಂಗುತ್ತದೆ, ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗದಂತೆ ನಡುವೆ ಜಾಗವನ್ನೂ ಬಿಡಬೇಕು. ಮೇಲಾಗಿ ನನ್ನ ಪಾತ್ರಗಳು ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಆಡುವವು. ಮೂರನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ.

ಮಲಯಾಳದಲ್ಲೇ ಮಾಡಬಾರದೇ, ಓದುಗರು ಹೆಚ್ಚು ಸಿಗುತ್ತಾರಲ್ಲ ಎಂದು ಕೇಳುವವರಿದ್ದಾರೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ ಅದು ವ್ಯವಹಾರಕ್ಕೆ ಒಗ್ಗುವ ಮಾತೇ. ಆದರೆ ಅಜ್ಜ ಆಡಿದ ಮಾತನ್ನು ನಾನೇ ಅನುವಾದಿಸಿ ಕೇಳಿಸಿಕೊಳ್ಳಬೇಕಾದರೆ ಈ ಕಥೆ ಯಾಕೆ ಬೇಕು? ಹೊಟ್ಟೆಪಾಡು ಹೇಗೂ ಇದರಿಂದ ನಡೆಯುವುದಿಲ್ಲ. ನಲವತ್ತರಷ್ಟು ಓದುಗರು ತಿಂಗಳಿಗೆ ಐವತ್ತು, ನೂರು ರೂಪಾಯಿಯಂತೆ ಯುಪಿಐನಲ್ಲಿ ಕಳಿಸುತ್ತಾರೆ. ಉಳಿದದ್ದು ಮದುವೆ ಕಾಗದ, ಯಕ್ಷಗಾನದ ಪೋಸ್ಟರು, ಪುಸ್ತಕದ ಮುಖಪುಟಗಳಿಂದ ಬರಬೇಕು; ಒಬ್ಬ ಪ್ರಕಾಶಕರಂತೂ ಮುಖಪುಟದ ಹಣಕ್ಕೆ ಹನ್ನೊಂದು ತಿಂಗಳು ಸತಾಯಿಸಿದರು. ಹೀಗಿರುವಾಗ ಹೊತ್ತಿಗೆ ಸರಿಯಾಗಿ ಕಂತು ಬರುತ್ತದೆಂಬ ನಂಬಿಕೆಯೊಂದೇ ನನ್ನ ಬಂಡವಾಳ, ಅಂದು ಅದನ್ನು ಗೊತ್ತಿದ್ದೇ ಕಳೆದುಕೊಳ್ಳುತ್ತಿದ್ದೆ. ಎಂಟು ಗಂಟೆಯಾದಾಗ ಹೊಟ್ಟೆಯಲ್ಲಿ ಸಂಕಟವಾದದ್ದು ಸುಳ್ಳಲ್ಲ.

ಕೆಲಸ ಮುಗಿದಾಗ ನಡುರಾತ್ರಿ ಕಳೆದಿತ್ತು. ಮನೆಯಲ್ಲಿ ರೇಂಜ್ ಸಿಗದೆ, ಟಾರ್ಚು ಹಿಡಿದು ಗುಡ್ಡ ಹತ್ತಿ, ಒಂದು ಗಂಟೆ ನಲವತ್ತಕ್ಕೆ ಕಂತನ್ನು ಏರಿಸಿದೆ. ಇಬ್ಬರು ಓದುಗರು ಹುಷಾರಿದ್ದೀರಾ ಎಂದು ವಿಚಾರಿಸಿದ್ದರು. ಮರು ತಿಂಗಳು ಒಬ್ಬರ ನೂರು ರೂಪಾಯಿ ಬರಲಿಲ್ಲ. ನೆಲ ಒಳಗೆ ಏರುತ್ತದೆಂಬುದನ್ನು ಯಾರೂ ಗಮನಿಸಿದಂತಿರಲಿಲ್ಲ.

ಅಜ್ಜ ಮರುವಾರ ಬಂದಾಗ ತಾವಾಗಿಯೇ ಮೊಬೈಲು ಕೇಳಿ ಪಡೆದರು. ಕಪ್ಪು ಜಾಗ ಬಂದಾಗ ಮೊಬೈಲು ಆರಿ ಹೋಯಿತೆಂದು ಒಮ್ಮೆ ನನ್ನ ಮುಖ ನೋಡಿ, ಮತ್ತೆ ಸರಿಸಿ, ಅಕ್ಕಿಕಾಳಿನಷ್ಟು ಬೆಳಕು ಕಂಡಾಗ ಅಲ್ಲಿಯೇ ಬೆರಳು ನಿಲ್ಲಿಸಿದರು. ನೀರು ಯಾವಾಗ ಸಿಗುತ್ತದೆ ಎಂದು ಕೇಳಿದರು.

"ಇನ್ನು ಮೂರು ವಾರ, ಅಜ್ಜ."

"ಅಷ್ಟು ಬೇಗವಾ?" ಎಂದರು.