ಸಹ್ಯಾದ್ರಿಯ ಮಳೆಗೆ ಎಂಥ ಬೂಟು?

ಜೂನ್ ಹತ್ತಿರ ಬಂತೆಂದರೆ ಪುಣೆಯ ನಮ್ಮ ಕನ್ನಡ ಗೆಳೆಯರೆಲ್ಲ ಬೂಟಿನ ಬಗ್ಗೆ ಕೇಳಲು ಶುರು ಮಾಡುತ್ತಾರೆ. ಹುಬ್ಬಳ್ಳಿಯಿಂದ ಹಿಂಜವಡಿಗೆ ಕೆಲಸಕ್ಕೆ ಬಂದ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ. "ಅಣ್ಣಾ, ಟ್ರೆಕ್ಕಿಂಗಿಗೆ ವಾಟರ್‌ಪ್ರೂಫ್ ಬೂಟ್ ತಗೊಳ್ಳಲೇನ್ರಿ?" ಬೇಡ ಅಂದೆ. ಯಾಕೆ ಬೇಡ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ವಾಟರ್‌ಪ್ರೂಫ್ ಬೂಟಿನೊಳಗೆ ಒಂದು ತೆಳು ಪದರ ಇರುತ್ತದೆ. ಹೊರಗಿನ ನೀರು ತಡೆದು, ಒಳಗಿನ ಬೆವರಿನ ಆವಿಯನ್ನು ಬಿಡುವುದು ಅದರ ಕೆಲಸ. ಹಿಮಾಲಯದ ಹಿಮಕ್ಕೆ, ಇಬ್ಬನಿ ಹುಲ್ಲಿಗೆ ಅದು ಬಹಳ ಒಳ್ಳೆಯದು. ಆದರೆ ಜುಲೈನಲ್ಲಿ ಅಂಧಾರಬನ್ ಕಾಡಿನಲ್ಲಿ ನೀರು ಬರುವುದು ಮೇಲಿನಿಂದ. ಪ್ಯಾಂಟಿನಿಂದ ಇಳಿದು, ಕಾಲುಚೀಲಕ್ಕೆ ಹೀರಿ, ಬೂಟಿನೊಳಗೆ ತುಂಬುತ್ತದೆ. ಹೀಗೆ ಒಳಗೆ ಹೋದ ನೀರನ್ನು ಅದೇ ಪದರ ಹೊರಗೆ ಬಿಡುವುದಿಲ್ಲ. ಜಾಲರಿ ಬಟ್ಟೆಯ ಬೂಟಾದರೆ ನಡೆಯುತ್ತಲೇ ನೀರು ಸೋರಿ ಹೋಗುತ್ತದೆ. ಮನೆಯಲ್ಲೂ ಬೇಗ ಒಣಗುತ್ತದೆ.

ದುಡ್ಡು ಹಾಕಬೇಕಾದ್ದು ಸೋಲ್‌ಗೆ. ನಾನು ಶಿರಸಿ ಕಡೆಯವನು. ಅಲ್ಲಿಯ ಚಿರೆಕಲ್ಲು ಒರಟು, ಕಾಲು ಹಿಡಿದುಕೊಳ್ಳುತ್ತದೆ. ಇಲ್ಲಿಯದು ಕರಿಯ ಬಸಾಲ್ಟ್. ಮಳೆಗೆ ಪಾಚಿ ಕಟ್ಟಿದರೆ ಅದರ ಮೇಲೆ ಗಟ್ಟಿ ರಬ್ಬರ್ ನಿಲ್ಲುವುದೇ ಇಲ್ಲ. ಅಂಗಡಿಯಲ್ಲಿ ಸೋಲನ್ನು ಉಗುರಿನಿಂದ ಒತ್ತಿ ನೋಡಿ. ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರಬೇಕು. ಮೆತ್ತನೆಯ ರಬ್ಬರ್ ಬೇಗ ಸವೆಯುತ್ತದೆ, ನಿಜ. ಆದರೂ ನಾನು ಅದನ್ನೇ ಆರಿಸುತ್ತೇನೆ. ಲೋಹಗಡ ಕೋಟೆಯ ಒದ್ದೆ ಮೆಟ್ಟಿಲು ಇಳಿಯುವಾಗ ಬಾಳಿಕೆಗಿಂತ ಹಿಡಿತ ಮುಖ್ಯ, ಅಲ್ವಾ? ಮಳೆ ನಿಂತ ಮೇಲೆ ಕಷ್ಟ ಬೇರೆ. ಗಟ್ಟಿ ನೆಲದ ಮೇಲೆ ಸಡಿಲ ಕಲ್ಲುಪುಡಿ ಹರಡಿರುತ್ತದೆ. ಮರಾಠಿ ಗೆಳೆಯರು ಅದಕ್ಕೆ ಘಸಾರಾ ಅನ್ನುತ್ತಾರೆ. ಅಲ್ಲಿ ಸೋಲಿನ ಅಡಿಯಲ್ಲಿ ಆಳವಾದ ಹಲ್ಲು, ಅಂದರೆ ನೆಲ ಕಚ್ಚುವ ಉಬ್ಬುಗಳು ಬೇಕು. ಎರಡೂ ಕಾಲಕ್ಕೆ ಒಂದೇ ಜೋಡಿ ಅಂದರೆ ಮೆತ್ತನೆಯ ರಬ್ಬರ್, ನಾಲ್ಕು ಮಿಲಿಮೀಟರ್ ಆಸುಪಾಸಿನ ಹಲ್ಲು ನೋಡಿ.

ಸೋಲ್ ಎಷ್ಟು ಗಂಭೀರ ವಿಷಯ ಅನ್ನುವುದಕ್ಕೆ ಬೂಟಿನ ಸೋಲ್ ಮಾಡುವ ವಿಬ್ರಮ್ ಕಂಪನಿಯ ಹುಟ್ಟೇ ಸಾಕ್ಷಿ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಅದರ ಸ್ಥಾಪಕ ವಿತಾಲೆ ಬ್ರಮಾನಿಯವರ ಆರು ಜನ ಸಂಗಡಿಗರು ತೀರಿಕೊಂಡರು. ಅವರ ಕಾಲಲ್ಲಿದ್ದ ಬೂಟುಗಳು ಆ ಹವೆಗೆ ತಕ್ಕವಾಗಿರಲಿಲ್ಲ. ಆ ನೋವಿನಿಂದಲೇ ಬ್ರಮಾನಿ 1937ರಲ್ಲಿ ಹಲ್ಲಿರುವ ರಬ್ಬರ್ ಸೋಲ್ ತಂದರು. ಇವತ್ತು ನಾವು ಹಾಕುವ ಬೂಟುಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿಯವು.

ಆನ್‌ಲೈನ್‌ನಲ್ಲಿ ಶಿಕಾರಿ ಬೂಟು ಅಂತ ಎತ್ತರದ, ಭಾರದ ಜೋಡಿಗಳೂ ಕಾಣುತ್ತವೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಶಿಕಾರಿಗೆ ನಿಷೇಧವಿದೆ. ಆದರೂ ಬೂಟು ಗಟ್ಟಿ ಅಂತ ಅದನ್ನೇ ಕೊಳ್ಳುವವರಿದ್ದಾರೆ. ಅವುಗಳ ವಿವರದಲ್ಲಿ 400 ಗ್ರಾಂ, 800 ಗ್ರಾಂ ಅಂತ ಬರೆದಿದ್ದರೆ ಅದು ಬೂಟಿನ ತೂಕವಲ್ಲ, ಒಳಗಿನ ಬೆಚ್ಚನೆಯ ಪದರ ಚದರ ಮೀಟರಿಗೆ ಎಷ್ಟು ತೂಗುತ್ತದೆ ಅನ್ನುವ ಲೆಕ್ಕ. ಚಳಿದೇಶದಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕಾದು ಕೂರುವವರಿಗೆ ಮಾಡಿದ್ದು. ನಮ್ಮ ಸೆಕೆಗೆ ಅದರೊಳಗೆ ಕಾಲು ಬೆಂದುಹೋಗುತ್ತದೆ.

ಇನ್ನು ಅಳತೆ. ಸಂಜೆ ಹೊತ್ತಿಗೆ ಅಂಗಡಿಗೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಬೆಟ್ಟದಲ್ಲೂ ಹಾಗೇ ಊದುತ್ತದೆ. ಟ್ರೆಕ್ಕಿಂಗಿಗೆ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ಹತ್ತಿಯದು ಬೇಡ, ಒದ್ದೆಯಾದರೆ ಗುಳ್ಳೆ ಏಳುತ್ತದೆ. ಲೇಸ್ ಕಟ್ಟುವ ಮೊದಲು ಪಾದ ಮುಂದಕ್ಕೆ ತಳ್ಳಿ. ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗಬೇಕು. ಆಮೇಲೆ ಬಿಗಿಯಾಗಿ ಕಟ್ಟಿ ಅಂಗಡಿಯ ಮೆಟ್ಟಿಲು ಇಳಿಯಿರಿ. ಹತ್ತುವಾಗ ಎಲ್ಲ ಬೂಟೂ ಹಿತವೇ. ಇಳಿಯುವಾಗ ಹೆಬ್ಬೆರಳು ಮುಂದೆ ತಾಗಿದರೆ ತೋರಣಾ ಕೋಟೆ ಇಳಿಯುವಷ್ಟರಲ್ಲಿ ಉಗುರು ಕಪ್ಪಾಗುತ್ತದೆ. ಸೇಲ್ಸ್ ಹುಡುಗ "ಹಾಕ್ತಾ ಹಾಕ್ತಾ ಸಡಿಲ ಆಗತ್ತೆ" ಅಂದರೆ ನಂಬಬೇಡಿ. ಅಗಲ ಸ್ವಲ್ಪ ಸಡಿಲವಾಗಬಹುದು, ಉದ್ದ ಆಗುವುದಿಲ್ಲ. ಹೊಸ ಬೂಟು ಹಾಕಿ ಮೊದಲು ತಪ್ಪಲಿನ ಆತಕರವಾಡಿಯಿಂದ ಸಿಂಹಗಡ ಕೋಟೆ ಹತ್ತಿ ಇಳಿಯಿರಿ. ದೊಡ್ಡ ಟ್ರೆಕ್ ಆಮೇಲೆ.

ಒದ್ದೆ ಬೂಟನ್ನು ಒಲೆಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ. ಪಾದದಡಿಯ ಇನ್‌ಸೋಲ್ ತೆಗೆದು, ಹಳೇ ಪೇಪರ್ ತುರುಕಿ, ಫ್ಯಾನ್ ಕೆಳಗಿಡಿ. ವರ್ಷಗಟ್ಟಲೆ ಅಟ್ಟದಲ್ಲಿಟ್ಟ ಜೋಡಿಯ ಬಗ್ಗೆ ಮಾತ್ರ ಬಹಳ ಎಚ್ಚರ. ಸೋಲ್‌ನ ನಡುಪದರ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಫೋಮ್‌ನದಾದರೆ ಗಾಳಿಯ ತೇವಕ್ಕೇ ನಿಧಾನವಾಗಿ ಪುಡಿಯಾಗುತ್ತದೆ. ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಗೆಳೆಯನೊಬ್ಬನ ಎರಡೂ ಸೋಲ್ ರಾಜಗಡದ ಅರ್ಧ ದಾರಿಯಲ್ಲಿ ಕಳಚಿ, ಹಗ್ಗ ಕಟ್ಟಿಕೊಂಡು ತಪ್ಪಲಿನ ಗುಂಜವಣೆ ಊರಿಗೆ ಇಳಿಯಬೇಕಾಯಿತು. ಹೊರಡುವ ಮುನ್ನಾ ದಿನ ಬೂಟನ್ನು ಕೈಯಲ್ಲಿ ಮಡಚಿ ನೋಡಿ. ನಡುಪದರದಲ್ಲಿ ಬಿರುಕು ಕಂಡರೆ ಆ ಜೋಡಿ ಒಯ್ಯಬೇಡಿ.