ಒಂದೇ ಹೆಸರಿನ ಮೂರು ಗುಂಡಿಗಳು

ನಾನು ಹುಟ್ಟಿದ್ದು ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ. ಜರ್ಮನಿಯಿಂದ ಬಂದ ಜೆಸ್ಯೂಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಅಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿದ್ದು ಊರಿಗೆಲ್ಲ ಗೊತ್ತಿರುವ ಕಥೆ. ಆದರೆ ಆ ಹೆಸರಿಗೊಂದು ಅರ್ಥವಿರಬಹುದೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಷ್ಟುಟ್‌ಗಾರ್ಟಿನ ಬಾಡಿಗೆ ಮನೆಯೊಂದರ ಬಾಗಿಲಲ್ಲಿ.

ಅಂಚೆಯವನು ನೆರೆಮನೆಯವರ ಪಾರ್ಸೆಲ್ ನನ್ನ ಕೈಗೆ ಕೊಟ್ಟು ಹೋಗಿದ್ದ. ಅಲ್ಲಿ ಕರೆಗಂಟೆಯ ಗುಂಡಿಯ ಪಕ್ಕ ಮನೆಯ ಸಂಖ್ಯೆ ಇರುವುದಿಲ್ಲ, ಕುಲನಾಮವಷ್ಟೇ ಇರುತ್ತದೆ. ನಮ್ಮ ಕಟ್ಟಡದಲ್ಲಿ ಮೂರು ಗುಂಡಿಗಳ ಪಕ್ಕ ಮ್ಯೂಲರ್ ಎಂದೇ ಇತ್ತು, ನಮ್ಮೂರಲ್ಲಿ ಮುಲ್ಲರ್ ಎನ್ನುವ ಅದೇ ಹೆಸರು. ಎರಡು ಮನೆಯವರಿಗೆ ತೊಂದರೆ ಕೊಟ್ಟ ಮೇಲೆ ಮೂರನೆಯ ಬಾಗಿಲು ತೆರೆದ ಅಜ್ಜಿ ನಕ್ಕರು. "ಈ ದೇಶದಲ್ಲಿ ಹೆಚ್ಚುಕಡಿಮೆ ನೂರಕ್ಕೊಬ್ಬರು ನಾವೇ ಇದ್ದೇವೆ. ನೀವೇನು ಮಾಡುತ್ತೀರಿ ಪಾಪ!" ಮ್ಯೂಲರ್ ಎಂದರೆ ಹಿಟ್ಟಿನ ಗಿರಣಿಯವನು ಎಂದು ಹೇಳಿಕೊಟ್ಟವರೂ ಅವರೇ.

ಪೆಂಟೆಕೋಸ್ಟ್ ಹಬ್ಬದ ಮರುದಿನದ ಸೋಮವಾರ ಜರ್ಮನಿಯಲ್ಲಿ ಗಿರಣಿಗಳ ದಿನ. 1994ರಿಂದ ಅಂದು ನೂರಾರು ಹಳೆಯ ಗಿರಣಿಗಳ ಬಾಗಿಲು ಜನರಿಗೆ ತೆರೆಯುತ್ತದೆ. ಅಜ್ಜಿ ನನ್ನನ್ನೂ ಕರೆದುಕೊಂಡು ಹೋದರು. ತೊರೆಯ ನೀರು ಬಿದ್ದು ಮರದ ಚಕ್ರ ತಿರುಗಿದೊಡನೆ ಒಳಗಿನ ಹಲಗೆ ನೆಲವೆಲ್ಲ ಅಂಗಾಲಿನಡಿ ಅದುರತೊಡಗಿತು. ಗೋಡೆಗೊರಗಿಸಿದ್ದ ಹಳೆಯ ಕಲ್ಲಿನ ಮೈಮೇಲೆ ಉಳಿಯಿಂದ ಕೊರೆದ ಗೆರೆಗಳಿದ್ದವು. ಕೊಳವೆಯಿಂದ ಇಳಿಯುತ್ತಿದ್ದ ಹಿಟ್ಟಿಗೆ ಅಂಗೈ ಒಡ್ಡಿದೆ, ಬೆಚ್ಚಗಿತ್ತು.

ಹಳೆಯ ಜರ್ಮನಿಯಲ್ಲಿ ಬಹುಪಾಲು ಜನ ರೈತರು. ಹಾಗಿರುವಾಗ ಗಿರಣಿಯವನ ಹೆಸರೇ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರ ಕುಲನಾಮವಾದದ್ದು ಹೇಗೆ ಎಂದು ಕೇಳಿದೆ. ಅಜ್ಜಿಯ ಉತ್ತರವನ್ನು ನಾನು ಮರೆಯಲಾರೆ: "ಊರಿಗೆ ಊರೇ ರೈತರಾಗಿದ್ದರೆ, ರೈತ ಹಾನ್ಸ್ ಎಂದು ಕರೆದು ಯಾರನ್ನು ಗುರುತಿಸುತ್ತೀರಿ? ಗಿರಣಿಯವನು ಊರಿಗೊಬ್ಬನೇ." ಕುಲನಾಮಗಳು ನೆಲೆಯೂರಿದ ಮಧ್ಯಯುಗದಲ್ಲಿ ಊರೂರಿನ ಆ ಒಬ್ಬೊಬ್ಬನೂ ಬೇರೆಬೇರೆಯಾಗಿ ಅದೇ ಹೆಸರು ಪಡೆದ. ಹಾಗಾಗಿ ಮ್ಯೂಲರ್‌ಗಳೆಲ್ಲ ನೆಂಟರಲ್ಲ. ಲ್ಯಾಟಿನ್ನಿನ ಮೋಲಿನಾರಿಯುಸ್ ಜರ್ಮನರ ಬಾಯಲ್ಲಿ ಸವೆದು ಮ್ಯೂಲರ್ ಆಯಿತು, ಉತ್ತರದವರು ಅದನ್ನೇ ಮೋಲರ್ ಎಂದರು, ಓದಿದವರು ಕೆಲವರು ಮತ್ತೆ ಲ್ಯಾಟಿನ್ನಿಗೇ ತಿರುಗಿಸಿ ಮೋಲಿಟರ್ ಎನಿಸಿಕೊಂಡರು.

ಬೇಕೆಂದರೂ ಬೇರೆ ಕಡೆ ಬೀಸಿಸುವ ಹಾಗಿರಲಿಲ್ಲವಂತೆ. ಅನೇಕ ಕಡೆ ಒಡೆಯನು ಗೊತ್ತುಮಾಡಿದ ಗಿರಣಿಗೇ ರೈತರು ಧಾನ್ಯ ತರಬೇಕು, ಕೂಲಿಯಾಗಿ ಅದರಲ್ಲೇ ಒಂದು ಪಾಲು ಬಿಡಬೇಕು. ಅಳತೆಯಲ್ಲಿ ಕದಿಯುತ್ತಾನೆಂಬ ಅನುಮಾನ ಗಿರಣಿಯವನ ಬೆನ್ನು ಬಿಡಲಿಲ್ಲ, ಕೆಲವು ಕಡೆ ಅವನ ಮಕ್ಕಳನ್ನು ಕಸುಬುದಾರರ ಸಂಘಗಳಿಗೂ ಸೇರಿಸುತ್ತಿರಲಿಲ್ಲ. ಅಂಥ ಕಸುಬಿನ ಹೆಸರನ್ನು ಈ ಅಜ್ಜಿ ಎಷ್ಟು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆಂದು ನೋಡಿ ನನಗೆ ಅವರ ಮೇಲಿನ ಗೌರವ ಹೆಚ್ಚಿತು.

ಹಿಂತಿರುಗುವಾಗ ಬಸ್ಸಿನಲ್ಲಿ ಅವರು ಕೇಳಿದರು: "ನಿಮ್ಮಲ್ಲಿ ಹಿಟ್ಟು ಬೀಸುವವರಿಗೆ ಏನೆನ್ನುತ್ತಾರೆ?" ನನಗೆ ನೆನಪಾದದ್ದು ಹಾಸನದ ಕಡೆಯ ನನ್ನ ಅಮ್ಮನ ಅಮ್ಮ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕುಳಿತು, ಒಂದು ಕೈಯಲ್ಲಿ ಗೂಟ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ರಾಗಿ ಹಾಕುತ್ತಿದ್ದರು. ಅದು ಮನೆಮನೆಯ ಹೆಂಗಸರ ಕೆಲಸ. ಆದ್ದರಿಂದ ಅದಕ್ಕೆ ಕೂಲಿಯೂ ಇರಲಿಲ್ಲ, ಅದರಿಂದ ಯಾರಿಗೂ ಹೆಸರೂ ಬರಲಿಲ್ಲ. ಅಜ್ಜಿಗೆ ಅದನ್ನೇ ಹೇಳಿದೆ. ಬೀಸುತ್ತ ಅವರು ಹಾಡುತ್ತಿದ್ದ ಪದಗಳಿವೆ ಎಂದೂ ಹೇಳಿದೆ.

"ಒಂದು ಹಾಡಿ," ಎಂದರು.

ಬಸ್ಸಿನಲ್ಲಿ ಜನರಿದ್ದರು. ಮೆಲ್ಲಗೆ ಎರಡು ಸಾಲು ಹಾಡಿದೆ.